ಪಂದ್ಯದ ತೂಕ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಅಬಲೂರು ಸಾಹಿತ್ಯಾಸಕ್ತರಿಗೆ ಅಪರಿಚಿತವಾದ ಊರಲ್ಲ. ಸರ್ವಜ್ಞನ ತಾಯಿಯ ಊರೆಂದು ಐತಿಹ್ಯ ಅದನ್ನು ನೆನೆಯುತ್ತದೆ. ಶಾಸನಗಳನ್ನು ಓದುವವರಿಗೆ ಅದು ಏಕಾಂತದ ರಾಮಯ್ಯನ ಊರು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಕ್ರಿ.ಶ. 1200ರ ಸುಮಾರಿನ ಒಂದು ದೊಡ್ಡ ಶಾಸನವಿದೆ. ಜೆ. ಎಫ್. ಫ್ಲೀಟರು ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿ ವಿದ್ವಾಂಸರ ಗಮನಕ್ಕೆ ತಂದರು. ಹರಿಹರ ಕವಿಯೂ ಇದೇ ರಾಮಯ್ಯನನ್ನು ಕುರಿತು ರಗಳೆ ರಚಿಸಿದ್ದಾನೆ.

ಶಾಸನ ಹೇಳುವ ಕಥೆ ಇಷ್ಟು. ಆಳಂದದಲ್ಲಿ ಹುಟ್ಟಿದ ರಾಮಯ್ಯ ಹುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಯ ಸೋಮನಾಥನನ್ನು ಸೇವಿಸುತ್ತಿದ್ದು, ದೇವರ ಅಪ್ಪಣೆಯಂತೆ ಅಬಲೂರಿಗೆ ಬಂದ. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರಿಗೂ ಅವನಿಗೂ ಯಾರ ದೇವರು ಹಿರಿಯನೆಂಬ ವಾದ ಹತ್ತಿತು. ರಾಮಯ್ಯ ತನ್ನ ತಲೆಯನ್ನು ಕಡಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ, ತಾವು ಜಿನಬಿಂಬವನ್ನು ಕಿತ್ತು ಶಿವನನ್ನು ಸ್ಥಾಪಿಸುವುದಾಗಿ ಅವರು ಓಲೆ ಬರೆದುಕೊಟ್ಟರು. ರಾಮಯ್ಯ ತಲೆಯನ್ನು ಕಡಿದುಕೊಂಡ. ಏಳು ದಿನಗಳ ಮೇಲೆ ಅದು ಕಲೆಯೂ ಉಳಿಯದಂತೆ ಕೂಡಿಕೊಂಡಿತು. ಜೈನರು ಬಿಂಬವನ್ನು ಬಿಟ್ಟುಕೊಡಲಿಲ್ಲ. ಅವರು ನಿಲ್ಲಿಸಿದ್ದ ಕಾವಲನ್ನು ಚದುರಿಸಿ ರಾಮಯ್ಯನೇ ಬಿಂಬವನ್ನು ಒಡೆದ. ದೂರು ಬಿಜ್ಜಳನ ಆಸ್ಥಾನಕ್ಕೆ ಹೋಯಿತು. ರಾಮಯ್ಯ ಓಲೆಯನ್ನು ತೋರಿಸಿ, ಉಳಿದ ಬಸದಿಗಳನ್ನೂ ಒಡ್ಡಿದರೆ ಮತ್ತೊಮ್ಮೆ ಪಂದ್ಯಕ್ಕೆ ಸಿದ್ಧನೆಂದ. ಎದುರು ಪಕ್ಷ ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟು, ಅವನು ನಿಲ್ಲಿಸಿದ ವೀರಸೋಮನಾಥನಿಗೆ ದತ್ತಿ ಬಿಟ್ಟ.

ಇದನ್ನು ಧರ್ಮಗಳ ಇತಿಹಾಸವಾಗಿ ಓದುವುದು ರೂಢಿ. ಪವಾಡ ನಡೆಯಿತೇ ಇಲ್ಲವೇ ಎಂಬ ಚರ್ಚೆಯೂ ಹಳೆಯದು. ಅವೆರಡನ್ನೂ ಬದಿಗಿಟ್ಟು, ಶ್ರೋತೃಗಳೇ, ಇದನ್ನು ಒಂದು ಪಂದ್ಯವಾಗಿ ಮಾತ್ರ ನೋಡಬೇಕೆಂಬುದು ಇಂದಿನ ನನ್ನ ಉದ್ದೇಶ. ಪಂದ್ಯವೆಂದ ಮೇಲೆ ಪಕ್ಷಗಳಿವೆ, ನಿಯಮವಿದೆ, ಪಣವಿದೆ, ತೀರ್ಪಿದೆ. ಹಾಗಾದರೆ ಕೇಳಲೇಬೇಕಾದ ಪ್ರಶ್ನೆ ಒಂದು: ಇದು ಸರಿಯಾದ ತೂಕದ ಪಂದ್ಯವಾಗಿತ್ತೇ? ಇದಕ್ಕೆ ಉತ್ತರ ಹೇಳುವ ಮೊದಲು ಪಂದ್ಯದ ತೂಕವೆಂದರೇನೆಂದು ಕೆಲವು ಆಟಗಳಿಂದ ತಿಳಿದುಕೊಳ್ಳೋಣ. ಅವುಗಳಲ್ಲಿ ಒಂದು ತೀರ ಈಚಿನದು. ನಮ್ಮ ಮಕ್ಕಳು ಮೊಮ್ಮಕ್ಕಳು ಪರದೆಯ ಮೇಲೆ ಆಡುವಂಥದು.

ಕನ್ನಡದಲ್ಲಿ 'ವಿಷಮ' ಎಂಬ ಮಾತಿಗೆ ಕಠಿಣವಾದ, ಅಪಾಯಕ್ಕೆ ಹತ್ತಿರವಾದ ಎಂಬ ಅರ್ಥ ಬಳಕೆಯಲ್ಲಿದೆ. ರೋಗ ವಿಷಮಿಸಿತು ಎನ್ನುತ್ತೇವೆ, ಪರಿಸ್ಥಿತಿ ವಿಷಮವಾಯಿತು ಎನ್ನುತ್ತೇವೆ. ಮೂಲದಲ್ಲಿ ಅದರ ಅರ್ಥ ಸರಳ: ಸಮವಲ್ಲದ್ದು. ಸಮವಲ್ಲದ್ದೆಲ್ಲ ಅಪಾಯಕರವೆಂದು ಭಾಷೆ ತೀರ್ಮಾನಿಸಿದಂತಿದೆ. ಆಟಗಳ ಮಟ್ಟಿಗೆ ಈ ತೀರ್ಮಾನ ಪೂರ್ತಿ ನಿಜವಲ್ಲ. ಚದುರಂಗದಲ್ಲಿ ಎರಡು ಕಡೆಗೂ ಹದಿನಾರು ಹದಿನಾರು ಕಾಯಿ. ರಾಜನಿಗೆ ಎದುರು ರಾಜ, ಕುದುರೆಗೆ ಎದುರು ಕುದುರೆ. ಹೀಗಿದ್ದೂ ಮೊದಲು ನಡೆಸುವ ಬಿಳಿಯ ಪಕ್ಷಕ್ಕೆ ಅಷ್ಟಿಷ್ಟು ಅನುಕೂಲ ಉಂಟೆಂದು ಆಡುವವರೆಲ್ಲ ಬಲ್ಲರು. ಅದಕ್ಕಾಗಿಯೇ ಬಣ್ಣಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಕಾಯಿಗಳು ಸಮವಾಗಿದ್ದ ಮಾತ್ರಕ್ಕೆ ಪಂದ್ಯ ಸಮವಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಹುಲಿ-ಕುರಿ ಆಟ. ಗುಡಿಗಳ ಕಲ್ಲುಹಾಸಿನ ಮೇಲೆ, ಊರ ಕಟ್ಟೆಗಳ ಮೇಲೆ ಇದರ ಮನೆಗಳನ್ನು ಕೊರೆದಿರುವುದನ್ನು ನೀವು ಕಂಡಿರಬಹುದು. ಊರಿಂದ ಊರಿಗೆ ಮನೆಗಳ ಲೆಕ್ಕ ಬೇರೆಯಾಗುತ್ತದೆ. ಹೆಚ್ಚಾಗಿ ಕಾಣುವುದು ಮೂರು ಹುಲಿ, ಹದಿನೈದು ಕುರಿಗಳ ಆಟ. ಹುಲಿ ಕುರಿಯನ್ನು ಹಾರಿ ಕೊಲ್ಲಬಲ್ಲುದು. ಕುರಿ ಯಾರನ್ನೂ ಕೊಲ್ಲಲಾರದು. ಆದರೆ ಕುರಿಗಳು ಒತ್ತಾಗಿ ನಿಂತು ಹುಲಿಗೆ ಅಲುಗಾಡಲು ಎಡೆಯಿಲ್ಲದಂತೆ ಕಟ್ಟಿಹಾಕಬಲ್ಲುವು. ಒಂದು ಪಕ್ಷಕ್ಕೆ ಬಲ, ಇನ್ನೊಂದಕ್ಕೆ ಸಂಖ್ಯೆ. ಒಂದರ ಗೆಲುವು ಕೊಲ್ಲುವುದರಲ್ಲಿ, ಇನ್ನೊಂದರ ಗೆಲುವು ತಡೆಯುವುದರಲ್ಲಿ. ಎರಡು ಕಡೆಯ ಕಾಯಿ, ನಡೆ, ಗುರಿ ಮೂರೂ ಬೇರೆ. ಹೀಗಿದ್ದರೂ ಇದನ್ನು ಅನ್ಯಾಯದ ಆಟವೆಂದು ಯಾರೂ ದೂರಿಲ್ಲ.

ಏಕೆ ದೂರಿಲ್ಲವೆಂಬುದಕ್ಕೆ ಲೆಕ್ಕದ ಆಧಾರವೂ ಈಗ ದೊರೆತಿದೆ. ನೇಪಾಳದಲ್ಲಿ ಇದೇ ಜಾತಿಯ ಬಾಘ್‌ಚಾಲ್ ಎಂಬ ಆಟವಿದೆ. ಅಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು, ಇಪ್ಪತ್ತೈದು ಮನೆ. ಈ ಶತಮಾನದ ಮೊದಲ ದಶಕದಲ್ಲಿ ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಗಣಕತಜ್ಞರು ಆ ಆಟವನ್ನು ಗಣಕಯಂತ್ರದಿಂದ ಶೋಧಿಸಿ ನೋಡಿದರು. ಎರಡು ಕಡೆಯವರೂ ತಪ್ಪಿಲ್ಲದೆ ಆಡಿದರೆ ಆಟ ಯಾರಿಗೂ ಸೋಲಿಲ್ಲದೆ ಸಮವಾಗಿ ಮುಗಿಯುತ್ತದೆಂದು ಅವರಿಗೆ ತಿಳಿದುಬಂತು. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ದನ ಕಾಯುವವರು, ಗುಡಿಯ ನೆರಳಿನಲ್ಲಿ ಕುಳಿತವರು ಆಡಿ ಆಡಿ ಇಷ್ಟು ಹುಲಿಗೆ ಇಷ್ಟು ಕುರಿ ಎಂಬ ತೂಕವನ್ನು ಕಂಡುಕೊಂಡಿದ್ದಾರೆ. ಒಂದು ಆಟ ಮುಗಿದ ಮೇಲೆ ಹುಲಿಯಾಗಿದ್ದವನು ಕುರಿಯಾಗುವ ಪರಿಪಾಠದಲ್ಲಿಯೂ ದೊಡ್ಡ ವಿವೇಕವಿದೆ. ನಾಳೆ ಆ ಕಡೆ ಕೂಡಬೇಕಾದವನು ಈ ಕಡೆಯ ನಿಯಮವನ್ನು ಮನಬಂದಂತೆ ಬಿಗಿಮಾಡುವುದಿಲ್ಲ. ಪಕ್ಷಗಳು ಅಸಮವಾಗಿರಬಹುದು, ಎರಡೂ ಪಕ್ಷಕ್ಕೆ ಗೆಲ್ಲುವ ದಾರಿ ಇರಬೇಕು, ಒಬ್ಬನ ಪ್ರತಿ ನಡೆಗೂ ಇನ್ನೊಬ್ಬನ ಬಳಿ ಮರುನಡೆ ಇರಬೇಕು. ಹುಲಿ-ಕುರಿ ಆಟ ಕಲಿಸುವ ಪಾಠ ಇದು.

ತೊಡಕು ಹೆಚ್ಚುವುದು ಎರಡು ಬಗೆಯ ಪಂದ್ಯಗಳನ್ನು ಒಂದರಲ್ಲಿ ಬೆರೆಸಿದಾಗ. ಕಬಡ್ಡಿಯನ್ನು ನೋಡಿರಿ. ಮುಟ್ಟಿ ಓಡಿಬರುವ ಚಪಲತೆ ಒಂದು ವಿದ್ಯೆ, ಹಿಡಿದು ಕೆಡಹುವ ಕುಸ್ತಿಯ ಬಲ ಇನ್ನೊಂದು ವಿದ್ಯೆ. ಎರಡೂ ಅಲ್ಲಿ ಎದುರಾಗುತ್ತವೆ. ಒಬ್ಬ ಏಳು ಮಂದಿಯ ನಡುವೆ ಹೋಗುತ್ತಾನೆ. ಮೇಲುನೋಟಕ್ಕೆ ಇದಕ್ಕಿಂತ ವಿಷಮವಾದದ್ದಿಲ್ಲ. ಆದರೆ ನಿಯಮಗಳು ತಕ್ಕಡಿಗೆ ಅಲ್ಲಲ್ಲಿ ಸಣ್ಣ ಸಣ್ಣ ಕಲ್ಲುಗಳನ್ನು ಹಾಕಿವೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ದಾಳಿಗಾರ ಬೋನಸ್ ಗೆರೆಯನ್ನು ದಾಟಿ ಒಂದು ಅಂಕ ಗಳಿಸಬಹುದು. ಹಿಡಿಯುವವರು ಮೂವರು ಅಥವಾ ಅದಕ್ಕೂ ಕಡಿಮೆಯಾಗಿ ಉಳಿದಿರುವಾಗ ಅವನನ್ನು ಹಿಡಿದರೆ ಅವರಿಗೆ ಒಂದು ಅಂಕ ಹೆಚ್ಚು. ಔಟಾಗಿ ಹೊರಗೆ ಕುಳಿತವನು, ತನ್ನವರು ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ ಜೀವ ಪಡೆದು ಮರಳುತ್ತಾನೆ. ಸೋಲುತ್ತಿರುವವನ ಕೈಗೆ ಏನನ್ನಾದರೂ ಉಳಿಸುವುದು ಈ ನಿಯಮಗಳ ಸ್ವಭಾವ. ಒಂದು ವಿದ್ಯೆಯ ಗೆಲುವಿಗೆ ಇನ್ನೊಂದರಲ್ಲಿ ಎಷ್ಟು ಬೆಲೆ ಎಂಬ ವಿನಿಮಯದ ದರ ಅಲ್ಲಿ ಚೆನ್ನಾಗಿ ಕೂತಿದೆ.

ಆ ದರ ಕೂರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ನಿದರ್ಶನ ಒಂದು ವಿಡಿಯೊ ಆಟದಲ್ಲಿದೆ. ಅಮೆರಿಕದ ಬಂಜೀ ಎಂಬ ಸಂಸ್ಥೆಯ 'ಡೆಸ್ಟಿನಿ 2' ಎಂಬ ಆಟಕ್ಕೆ 2018ರ ಸೆಪ್ಟೆಂಬರಿನಲ್ಲಿ 'ಗ್ಯಾಂಬಿಟ್' ಎಂಬ ಪಂದ್ಯವನ್ನು ಸೇರಿಸಿದರು. ಹೆಸರು ಚದುರಂಗದಿಂದ ಬಂದದ್ದು. ಮುಂದಿನ ಲಾಭಕ್ಕಾಗಿ ಆರಂಭದಲ್ಲಿ ಕಾಯಿಯೊಂದನ್ನು ಬಲಿಗೊಡುವ ನಡೆಗೆ ಆ ಮಾತನ್ನು ಬಳಸುತ್ತಾರೆ. ನಾಲ್ಕು ನಾಲ್ಕು ಮಂದಿಯ ಎರಡು ತಂಡ. ಎರಡಕ್ಕೂ ಬೇರೆ ಬೇರೆ ಅಂಗಳ. ಪ್ರತಿ ತಂಡವೂ ತನ್ನ ಅಂಗಳದಲ್ಲಿ ಯಂತ್ರವೇ ನಡೆಸುವ ದೈತ್ಯರನ್ನು ಕೊಲ್ಲುತ್ತದೆ. ಸತ್ತ ದೈತ್ಯನಿಂದ ಬೀಳುವ ಕಣಗಳನ್ನು ಆಯ್ದು ನಡುವಿನ ಕಣಜಕ್ಕೆ ಸುರಿಯಬೇಕು. ಐದು, ಹತ್ತು ಅಥವಾ ಹದಿನೈದನ್ನು ಒಮ್ಮೆಲೇ ಸುರಿದರೆ ಎದುರು ಅಂಗಳದಲ್ಲಿ ತಡೆಗಾರ ದೈತ್ಯನೊಬ್ಬ ಎದ್ದು ಅವರ ಕಣಜದ ಬಾಯಿ ಮುಚ್ಚುತ್ತಾನೆ. ಮೊದಲ ರೂಪದಲ್ಲಿ ಎಪ್ಪತ್ತೈದು ಕಣ ತುಂಬಿದಾಗ ಮಹಾದೈತ್ಯ ಏಳುತ್ತಿದ್ದ. ಅವನನ್ನು ಮೊದಲು ಕೊಂದವರಿಗೆ ಜಯ. ಇಷ್ಟರ ಮಟ್ಟಿಗೆ ಇದು ಎರಡು ಹೊಲದ ಸುಗ್ಗಿ. ಯಾರು ಬೇಗ ರಾಶಿ ಮಾಡುತ್ತಾರೆಂಬ ಪಂದ್ಯ.

ಆದರೆ ನಡುನಡುವೆ ಒಂದು ಬಾಗಿಲು ತೆರೆಯುತ್ತದೆ. ಒಂದು ತಂಡದ ಒಬ್ಬ ಆಟಗಾರ ಅದರ ಮೂಲಕ ಎದುರು ಅಂಗಳಕ್ಕೆ ನುಗ್ಗಬಹುದು. ಅವನು ಅಲ್ಲಿರುವುದು ಸ್ವಲ್ಪವೇ ಹೊತ್ತು. ಅವನ ಮೈಗೆ ಹೆಚ್ಚಿನ ಕವಚವಿತ್ತು. ಎದುರಾಳಿಗಳು ಗೋಡೆಯ ಮರೆಯಲ್ಲಿದ್ದರೂ ಅವನಿಗೆ ಕಾಣುತ್ತಿದ್ದರು. ಅವನ ಕೈಯಲ್ಲಿ ಸತ್ತವನು ಹೊತ್ತ ಕಣಗಳೆಲ್ಲ ಹಾಳು. ಮಹಾದೈತ್ಯ ಎದ್ದ ಮೇಲೆ ಅವನು ಆಟಗಾರರನ್ನು ಕೊಂದರೆ, ಆ ತಂಡ ಗುಂಡು ಹೊಡೆದು ಇಳಿಸಿದ್ದ ದೈತ್ಯನ ಪ್ರಾಣ ಮತ್ತೆ ಏರುತ್ತದೆ. ಹುಬ್ಬಳ್ಳಿಯಲ್ಲಿರುವ ನನ್ನ ಮೊಮ್ಮಗ ಇದನ್ನು ಆಡುತ್ತಿದ್ದಾಗ ನನ್ನ ಬಳಿ ಹೇಳಿಕೊಂಡ ಮಾತಿನಿಂದಲೇ ಈ ಆಟದ ಕಡೆಗೆ ನನ್ನ ಗಮನ ಹರಿದದ್ದು: "ಅಜ್ಜಾ, ನಾವು ನಾಲ್ಕು ಮಂದಿ ಹತ್ತು ನಿಮಿಷ ಕೂಡಿಹಾಕಿದ್ದನ್ನ ಅವ ಒಬ್ಬಾಂವ ಬಂದು ಅರ್ಧ ನಿಮಿಷದಾಗ ಕೆಡಿಸಿ ಹೋದ. ಇದಕ್ಕ ಆಟ ಅಂತಾರೇನು?"

ಸೋತವನ ಗೊಣಗಾಟವೆಂದು ತಳ್ಳಿಹಾಕುವ ಮಾತಲ್ಲ ಅದು. ಈ ಆಟದಲ್ಲಿ ಇಬ್ಬರಿಗೂ ಒಂದೇ ನಿಯಮ. ನುಗ್ಗುವ ಅವಕಾಶ ಇಬ್ಬರಿಗೂ ಉಂಟು. ಬರಹದಲ್ಲಿ ಸಮತೆಗೆ ಕೊರತೆಯಿಲ್ಲ. ಕೊರತೆಯಿದ್ದುದು ವಿನಿಮಯದ ದರದಲ್ಲಿ. ದೈತ್ಯರೊಡನೆ ಸೆಣಸುವುದು ನಾಲ್ವರ ನಿಧಾನದ ದುಡಿಮೆ. ಮನುಷ್ಯರನ್ನು ಬೇಟೆಯಾಡುವುದು ಒಬ್ಬನ ಕ್ಷಣದ ಚುರುಕು. ಎರಡನೆಯದಕ್ಕೆ ಮೊದಲನೆಯದನ್ನು ಅಳಿಸಿಹಾಕುವ ಬೆಲೆ ಕಟ್ಟಿದ್ದರಿಂದ, ಒಳ್ಳೆಯ ಬೇಟೆಗಾರನೊಬ್ಬನಿದ್ದ ತಂಡಕ್ಕೆ ದುಡಿಮೆ ಹೆಚ್ಚು ಬೇಕಿರಲಿಲ್ಲ. ಅವನಿಲ್ಲದ ತಂಡಕ್ಕೆ ದುಡಿಮೆಯಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಪರಿಚಿತರು ಕೂಡಿ ಕಟ್ಟಿದ ತಂಡಕ್ಕೆ ಎದುರಾಗಿ ಒಬ್ಬರ ಮುಖ ಒಬ್ಬರು ಕಾಣದ ಅಪರಿಚಿತರ ತಂಡ ನಿಂತಾಗ ಈ ಅಂತರ ಮತ್ತಷ್ಟು ಹೆಚ್ಚುತ್ತಿತ್ತು.

ತಯಾರಕರು ಸುಮ್ಮನಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಹಾವಳಿಯೆಬ್ಬಿಸಿದ್ದ 'ಸ್ಲೀಪರ್ ಸಿಮ್ಯುಲಂಟ್' ಎಂಬ ಬಂದೂಕಿನ ಬಲವನ್ನು ಇಳಿಸಿದರು. 2019ರ ಮಾರ್ಚಿನಲ್ಲಿ ಕಣಗಳ ಲೆಕ್ಕವನ್ನು ನೂರಕ್ಕೇರಿಸಿ, ಮೂರು ಸುತ್ತಿನ ಬದಲು ಒಂದೇ ಸುತ್ತಿನ ಇನ್ನೊಂದು ರೂಪವನ್ನು ತಂದರು. 2020ರ ನವೆಂಬರಿನಲ್ಲಿ ಎರಡು ರೂಪಗಳನ್ನೂ ಕೂಡಿಸಿ ಒಂದು ಮಾಡಿದರು. ಒಂದು ಆಯುಧವನ್ನು ತಗ್ಗಿಸಿದರೆ ಇನ್ನೊಂದು ಅದರ ಸ್ಥಾನಕ್ಕೆ ಬರುತ್ತಿತ್ತು. ಅದಕ್ಕೆ ಕಾರಣ ಬೆರಕೆಯಲ್ಲಿಯೇ ಇದೆ. ಪರ್ವತದಂಥ ದೈತ್ಯನನ್ನು ಕೆಡಹಲು ಮಾಡಿದ ಆಯುಧವನ್ನು ಮನುಷ್ಯನ ಮೇಲೆ ತಿರುಗಿಸಿದರೆ ಅದು ಅತಿಯಾಗುತ್ತದೆ. ಮನುಷ್ಯನಿಗೆ ತಕ್ಕಂತೆ ತಗ್ಗಿಸಿದರೆ ದೈತ್ಯನ ಮುಂದೆ ಕಡ್ಡಿಯಾಗುತ್ತದೆ. ಚಿನ್ನ ತೂಗುವ ತಕ್ಕಡಿಯಲ್ಲಿ ಸೌದೆಯನ್ನೂ ತೂಗಬೇಕೆಂದು ಹೊರಟವನ ಕಷ್ಟ ಅದು.

ಬೆರಕೆ ಪಂದ್ಯದ ಈ ಕಷ್ಟ ನಮ್ಮ ಕಾವ್ಯಗಳಿಗೆ ಹೊಸದಲ್ಲ. ಭಾರತದ ದ್ಯೂತವನ್ನು ನೆನೆಯಿರಿ. ಪಣವೊಡ್ಡುವವನು ದುರ್ಯೋಧನ, ದಾಳವೆಸೆಯುವವನು ಶಕುನಿ. ಒಬ್ಬರ ಪರವಾಗಿ ಇನ್ನೊಬ್ಬರು ಆಡುವುದು ವಿಷಮವೆಂದು ವ್ಯಾಸಭಾರತದ ಧರ್ಮರಾಯ ಆಕ್ಷೇಪಿಸಿಯೇ ಆಟಕ್ಕೆ ಕೂರುತ್ತಾನೆ. ಇಲ್ಲಿ 'ವಿಷಮ' ಎಂಬುದಕ್ಕೆ ಸಮವಲ್ಲದ್ದು ಎಂಬ ಮೂಲದ ಅರ್ಥವೂ ಇದೆ, ಅಪಾಯವೆಂಬ ಬಳಕೆಯ ಅರ್ಥವೂ ಇದೆ. ಒಂದು ಕಡೆ ಸಂಪತ್ತು ಮತ್ತು ಕೈಚಳಕ ಎರಡು ದೇಹಗಳಲ್ಲಿ ಹಂಚಿಹೋಗಿವೆ. ಇನ್ನೊಂದು ಕಡೆ ಒಬ್ಬನೇ ಎರಡನ್ನೂ ಹೊರಬೇಕು. ಕೊನೆಗೆ ದ್ರೌಪದಿ ಕೇಳಿದ ಪ್ರಶ್ನೆಯೂ ಪಂದ್ಯದ ತೂಕದ ಪ್ರಶ್ನೆಯೇ: ತನ್ನನ್ನು ತಾನು ಸೋತ ಮೇಲೆ ಇನ್ನೊಬ್ಬರನ್ನು ಒಡ್ಡುವ ಹಕ್ಕು ಉಳಿದಿತ್ತೇ? ಪಣ ಯಾರಿಗೆ ಸೇರಿದ್ದು ಎಂದು ಸಭೆಯಲ್ಲಿ ಕೇಳಿದವಳು ಪಣವಾಗಿ ಹೋದವಳೇ.

ಈ ಮೂರು ಅಳತೆಗಳನ್ನು ಹಿಡಿದು ಈಗ ಅಬಲೂರಿಗೆ ಹೋಗೋಣ: ಮರುನಡೆ ಉಂಟೇ, ವಿನಿಮಯದ ದರ ಸರಿಯೇ, ಪಣ ಯಾರದು?

ಮೊದಲನೆಯದು ಮರುನಡೆ. ಈ ಪಂದ್ಯದಲ್ಲಿ ಆಡುವವನು ರಾಮಯ್ಯನೊಬ್ಬನೇ. ಎದುರು ಪಕ್ಷಕ್ಕೆ ಓಲೆ ಬರೆದುಕೊಟ್ಟ ಮೇಲೆ ಮಾಡಲು ಏನೂ ಇಲ್ಲ. ಏಳು ದಿನ ಕಾದು ನೋಡುವುದಷ್ಟೇ. ರಾಮಯ್ಯ ವಿಫಲನಾದರೆ ಅವನ ಪ್ರಾಣ ಹೋಗುತ್ತದೆ, ಅವರಿಗೆ ಸಿಗುವುದೇನೂ ಇಲ್ಲ. ಅವನು ಸಫಲನಾದರೆ ಅವರು ತಮ್ಮ ದೇವರನ್ನೇ ಕಳೆದುಕೊಳ್ಳುತ್ತಾರೆ. ಕುರಿಗೆ ಹುಲಿಯನ್ನು ಕಟ್ಟುವ ದಾರಿಯಾದರೂ ಇದೆ. ಇಲ್ಲಿ ಒಂದು ಪಕ್ಷಕ್ಕೆ ಗೆಲುವೆಂಬ ಮನೆಯೇ ಹಾಸಿನ ಮೇಲೆ ಇರಲಿಲ್ಲ. ಇದನ್ನು ಹೇಳುವಾಗ ರಾಮಯ್ಯನ ಧೈರ್ಯವನ್ನು ನಾನು ಕಿರಿದುಮಾಡುತ್ತಿಲ್ಲ. ತಲೆಯನ್ನೇ ಒಡ್ಡಿದವನ ನಿಷ್ಠೆಗೆ ಬೇರೆ ಸಾಕ್ಷಿ ಬೇಡ. ಅಂಥ ಓಲೆಗೆ ಸಮ್ಮತಿಸಿದವರ ಅವಿವೇಕವೂ ಸಣ್ಣದಲ್ಲ.

ಎರಡನೆಯದು ವಿನಿಮಯ. ಈ ಪ್ರಸಂಗದಲ್ಲಿ ಮೂರು ಪಂದ್ಯಗಳು ಬೆರೆತಿವೆ. ಮೊದಲು ಮಾತಿನ ವಾದ, ಆಮೇಲೆ ಪವಾಡ, ಕೊನೆಗೆ ಕಾವಲಿನವರೊಡನೆ ತೋಳ್ಬಲ. ತತ್ತ್ವದ ಹಿರಿಮೆಯನ್ನು ವಾದದಲ್ಲಿ ಅಳೆಯಬೇಕಾದದ್ದು ಪವಾಡದ ಅಳತೆಗೆ ಬಿತ್ತು. ಪವಾಡದ ಫಲವನ್ನು ತೋಳ್ಬಲದಿಂದ ವಸೂಲು ಮಾಡಬೇಕಾಯಿತು. ತಲೆ ಮರಳಿ ಕೂಡಿದ್ದರಿಂದ ಶಿವಭಕ್ತನ ಭಕ್ತಿ ಸಿದ್ಧವಾಗಬಹುದು. ಅದರಿಂದ ಅಹಿಂಸೆಯೂ ಅನೇಕಾಂತವಾದವೂ ಸುಳ್ಳಾಗುವುದು ಹೇಗೆ? ಹಾಗೆಯೇ ತಲೆ ಕೂಡದೆ ಹೋಗಿದ್ದರೆ ಶಿವತತ್ತ್ವ ಸುಳ್ಳಾಗುತ್ತಿತ್ತೇ? ಒಂದು ಪಂದ್ಯದ ನಾಣ್ಯ ಇನ್ನೊಂದರ ಅಂಗಡಿಯಲ್ಲಿ ಚಲಾವಣೆಯಾಗಬೇಕಾದರೆ ಎರಡಕ್ಕೂ ಸಂಬಂಧವಿರಬೇಕು.

ಮೂರನೆಯದು ಪಣ. ತಲೆ ರಾಮಯ್ಯನದು, ಅದನ್ನು ಒಡ್ಡುವ ಹಕ್ಕು ಅವನಿಗೆ ಉಂಟೆಂದೇ ಇಟ್ಟುಕೊಳ್ಳೋಣ. ಜಿನಬಿಂಬ ಯಾರದು? ಓಲೆ ಬರೆದ ಸಂಕಗಾವುಂಡನದೂ ಅವನ ಜೊತೆಯವರದೂ ಮಾತ್ರವೇ? ಅದಕ್ಕೆ ಕೈಮುಗಿಯುತ್ತಿದ್ದ ಮುದುಕಿಯದೂ ಅದು, ಮುಂದೆ ಹುಟ್ಟಲಿದ್ದ ಮಗುವಿನದೂ ಅದು. ಊರ ಗೌಡನೆಂಬ ಕಾರಣಕ್ಕೆ ಒಬ್ಬನು ಎಲ್ಲರ ಪೂಜೆಯನ್ನು ಓಲೆಯಲ್ಲಿ ಬರೆದುಕೊಡಲಾಗದು. ದ್ರೌಪದಿಯಂತೆ ಸಭೆಯಲ್ಲಿ ನಿಂತು ಕೇಳಲು ಕಲ್ಲಿನ ಬಿಂಬಕ್ಕೆ ಬಾಯಿರಲಿಲ್ಲ.

ಬಿಜ್ಜಳನ ಆಸ್ಥಾನದಲ್ಲಿ ನಡೆದದ್ದು ಓಲೆಯ ವಿಚಾರಣೆ. ಮಾತು ಕೊಟ್ಟವರು ಮಾತು ಉಳಿಸಿಕೊಂಡರೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಅಷ್ಟರ ಮಟ್ಟಿಗೆ ತೀರ್ಪಿನಲ್ಲಿ ದೋಷ ಹುಡುಕುವುದು ಕಷ್ಟ. ನೆರೆಹೊರೆಯವರೊಡನೆ ಶಾಂತಿಯಿಂದ ಬಾಳಿರೆಂದು ಅರಸ ಜೈನರಿಗೆ ಬುದ್ಧಿ ಹೇಳಿ ಕಳಿಸಿದನೆಂದೂ ಶಾಸನ ತಿಳಿಸುತ್ತದೆ. ಒಳ್ಳೆಯ ಮಾತು. ಆದರೆ ಅದನ್ನು ಹೇಳಿದ್ದು ಸೋತವರಿಗೆ ಮಾತ್ರ. ಓಲೆಯಲ್ಲಿ ಏನು ಬರೆದಿದೆಯೆಂದು ನೋಡಿದ ಆಸ್ಥಾನ, ಇಂಥ ಓಲೆಯನ್ನು ಬರೆಯಬಹುದೇ ಎಂದು ಕೇಳಲಿಲ್ಲ. ವಿಡಿಯೊ ಆಟದ ತಯಾರಕರು ಆಟಗಾರರ ದೂರಿಗೆ ಕಿವಿಗೊಟ್ಟು ವರ್ಷವರ್ಷವೂ ನಿಯಮವನ್ನು ತಿದ್ದಿದರು. ಪೂರ್ತಿ ಗೆಲ್ಲದಿದ್ದರೂ ತಿದ್ದಿದರು. ಹುಲಿ-ಕುರಿ ಆಡಿದವರು ತಲೆಮಾರುಗಟ್ಟಲೆ ತಿದ್ದಿದರು. ಅಲ್ಲಿ ಸೋತವನು ಮರುದಿನ ಮತ್ತೆ ಆಡಲು ಬರುತ್ತಿದ್ದ. ಅವನ ದೂರಿಗೆ ಬೆಲೆಯಿತ್ತು. ಒಂದೇ ಸಲ ಆಡಿ ಮುಗಿಸುವ, ಸೋತವನಿಗೆ ಏನನ್ನೂ ಉಳಿಸದ ಪಂದ್ಯದಲ್ಲಿ ತಿದ್ದುಪಡಿಗೆ ಎಡೆಯಿಲ್ಲ.

ಆಟದ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ನಾವು ಇಂದಿಗೂ ಬೆರಕೆ ಪಂದ್ಯಗಳ ನಡುವೆಯೇ ಬಾಳುತ್ತಿದ್ದೇವೆ. ಪರೀಕ್ಷೆಯ ಅಂಕದಲ್ಲಿ ಮನೆಯ ಅನುಕೂಲ ಬೆರೆತಿರುತ್ತದೆ, ಚುನಾವಣೆಯ ಮತದಲ್ಲಿ ಹಣದ ಬಲ ಬೆರೆತಿರುತ್ತದೆ, ದೇವರ ಹೆಸರಿನ ವಾದದಲ್ಲಿ ಗುಂಪಿನ ಬಲ ಬೆರೆತಿರುತ್ತದೆ. ಎಲ್ಲರಿಗೂ ಒಂದೇ ನಿಯಮವಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಕೇಳಬೇಕಾದದ್ದು ಬೇರೆ: ಎದುರಿನವನಿಗೆ ಮರುನಡೆ ಇದೆಯೇ? ಇಲ್ಲಿಯ ಗೆಲುವಿಗೆ ಅಲ್ಲಿ ಬೆಲೆ ಕಟ್ಟಿದವರು ಯಾರು? ಒಡ್ಡಿದ ವಸ್ತು ಒಡ್ಡಿದವನದೇ? ಸೋತವನು ನಾಳೆ ನಮ್ಮೊಡನೆ ಮತ್ತೆ ಆಡಲು ಬಂದಾನೆಯೇ?

ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಈ ಪಂದ್ಯದ ಚಿತ್ರಗಳನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಇಂಥದು ಇಲ್ಲಿ ನಡೆಯಿತೆಂದು ಸೂಚಿಸುವ ಸಣ್ಣ ಬರಹಗಳು ಅವಕ್ಕಿವೆ. ಹಿರೇಕೆರೂರಿನ ಕಡೆಗೆ ಹೋದವರು ತಪ್ಪದೆ ನೋಡಿಬರಬೇಕಾದ ಕೆಲಸ ಅದು. ನೋಡುವಾಗ ಒಂದನ್ನು ಮರೆಯದಿರಿ. ಅಲ್ಲಿ ಗೆದ್ದವನ ನಡೆಗಳೆಲ್ಲ ಕ್ರಮವಾಗಿ ದಾಖಲಾಗಿವೆ. ಓಲೆ ಬರೆದುಕೊಟ್ಟವರು ಆಮೇಲೆ ತಮ್ಮತಮ್ಮೊಳಗೆ ಏನು ಮಾತಾಡಿಕೊಂಡರೆಂಬುದಕ್ಕೆ ಆ ಗೋಡೆಯ ಮೇಲೆ ಸ್ಥಳವಿಲ್ಲ.